ಎರಡು ಸಾವಿರ ಡಾಲರ್ ಚಿಲ್ಲರೆ ಖರ್ಚು ಮಾಡಿದ ಕಥೆ

ಅಮೆರಿಕದ ಟಂಕಸಾಲೆಯವರು ಒಂದು ಡಾಲರ್ ನಾಣ್ಯಗಳಿಗೆ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವುದನ್ನು 2011ರ ಜುಲೈ 22ರಿಂದ ನಿಲ್ಲಿಸಿದರು. ಅದಕ್ಕೆ ಮುಂಚೆಯೇ ಕಾರ್ಡಿನ ಪಾಯಿಂಟಿಗೋಸ್ಕರ ಪೆಟ್ಟಿಗೆಗಟ್ಟಲೆ ತರಿಸಿಕೊಂಡು, ಬೀರುವಿನಲ್ಲಿಟ್ಟು ಏನು ಮಾಡುವುದು ಅಂತ ಯೋಚಿಸುತ್ತಿದ್ದವರು ನಮ್ಮ ಕಡೆಯವರಲ್ಲೇ ಸುಮಾರು ಜನ ಇದ್ದರು. ನಮ್ಮ ಮನೆಗೆ ಬಂದದ್ದು ಎಂಟು ಪೆಟ್ಟಿಗೆ, ಅಂದರೆ ಎರಡು ಸಾವಿರ ನಾಣ್ಯ. ನಾಣ್ಯ ಸುತ್ತಿದ ಕೊನೆಯ ಸುರುಳಿ ಆ ಸೆಪ್ಟೆಂಬರಿನಲ್ಲಿ ಖಾಲಿಯಾಯಿತು. ಒಂದನ್ನೂ ಬ್ಯಾಂಕಿಗೆ ಕಟ್ಟಲಿಲ್ಲ. ಎಲ್ಲಿ ತೆಗೆದುಕೊಂಡರು, ಎಲ್ಲಿ ಮುಖ ಸಿಂಡರಿಸಿದರು, ಕೊನೆಗೆ ಏನು ಉಳಿಯಿತು ಅಂತ ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಏನಿದು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಅಮೆರಿಕದಲ್ಲಿ ಒಂದು ಡಾಲರ್‌ಗೆ ನೋಟೂ ಇದೆ, ನಾಣ್ಯವೂ ಇದೆ. ನಾಣ್ಯವನ್ನು ಮಾತ್ರ ಯಾರೂ ಕೇಳುವುದಿಲ್ಲ. 1979ರಲ್ಲಿ, ಹೆಂಗಸರ ಮತದಾನದ ಹಕ್ಕಿಗೆ ಹೋರಾಡಿದ ಸೂಸನ್ ಬಿ. ಆಂಟನಿ ಮುಖದ್ದು ಬಂತು. ಕ್ವಾರ್ಟರ್ (25 ಸೆಂಟಿನ ನಾಣ್ಯ) ಥರಾನೇ ಇದೆ, ಗೊತ್ತೇ ಆಗುವುದಿಲ್ಲ ಅಂತ ಜನ ಬೈದರು. 2000ದಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಸಕಾಗವಿಯಾ ಅನ್ನುವ ಆದಿವಾಸಿ ಹೆಣ್ಣಿನ ನಾಣ್ಯ ಚಿನ್ನದ ಬಣ್ಣದಲ್ಲಿ ಬಂತು. ಚೆನ್ನಾಗಿದೆ ಅಂತ ಎತ್ತಿಟ್ಟುಕೊಂಡರು, ಖರ್ಚು ಮಾಡಲಿಲ್ಲ. ಆಮೇಲೆ 2005ರಲ್ಲಿ ಒಂದು ಕಾನೂನು ಮಾಡಿ, 2007ರಿಂದ ವರ್ಷಕ್ಕೆ ನಾಲ್ಕು ಅಧ್ಯಕ್ಷರಂತೆ ವಾಷಿಂಗ್ಟನ್‌ನಿಂದ ಶುರುಮಾಡಿ ಅಚ್ಚು ಹಾಕುತ್ತಾ ಬಂದರು. ಅಧ್ಯಕ್ಷರು ತೀರಿಕೊಂಡು ಎರಡು ವರ್ಷವಾದರೂ ಆಗಿರಬೇಕಿತ್ತು, ಆಗಷ್ಟೇ ನಾಣ್ಯದ ಮೇಲೆ ಜಾಗ. ಅವೂ ಓಡಲಿಲ್ಲ. ಯಾರಿಗೂ ಬೇಡದ ನೂರು ಕೋಟಿಗೂ ಹೆಚ್ಚು ಡಾಲರ್ ನಾಣ್ಯ ಫೆಡರಲ್ ರಿಸರ್ವ್ (ಅಮೆರಿಕದ ಕೇಂದ್ರ ಬ್ಯಾಂಕ್) ಖಜಾನೆಗಳಲ್ಲಿ ಬಿದ್ದಿದೆ ಅಂತ 2011ರ ಬೇಸಿಗೆಯಲ್ಲಿ ರೇಡಿಯೋದಲ್ಲೇ ಬಂತು.

ಒಂದು ನಾಣ್ಯ ಅಚ್ಚು ಹಾಕಲು ಆಗ ತಗಲುತ್ತಿದ್ದದ್ದು ಸುಮಾರು 30 ಸೆಂಟ್. ಅದು ಒಂದು ಡಾಲರ್‌ಗೆ ಹೋದರೆ ಉಳಿದದ್ದು ಸರ್ಕಾರಕ್ಕೆ. ನೋಟು ನಿಲ್ಲಿಸಿ ನಾಣ್ಯವನ್ನೇ ಓಡಿಸಿದರೆ 30 ವರ್ಷದಲ್ಲಿ 550 ಕೋಟಿ ಡಾಲರ್ ಉಳಿಯುತ್ತದೆ ಅಂತ ಸಂಸತ್ತಿನ ಲೆಕ್ಕಪರಿಶೋಧಕರು 2011ರ ಮಾರ್ಚ್‌ನಲ್ಲಿ ಹೇಳಿದರು. ನೋಟು ನಿಲ್ಲಿಸುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಹಾಗಾಗಿ 2008ರಲ್ಲಿ ಟಂಕಸಾಲೆಯವರು ಒಂದು ದಾರಿ ಹುಡುಕಿದರು. 250 ನಾಣ್ಯದ ಪೆಟ್ಟಿಗೆ, ಬೆಲೆ ಸರಿಯಾಗಿ 250 ಡಾಲರ್, ಮನೆಗೆ ತಲುಪಿಸುವ ಖರ್ಚು ಅವರದೇ. ಕ್ರೆಡಿಟ್ ಕಾರ್ಡೂ ನಡೆಯುತ್ತಿತ್ತು. ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೆ ಸಿಗುವ, ವಿಮಾನ ಟಿಕೆಟ್‌ಗೆ ಬಳಸಬಹುದಾದ ಪಾಯಿಂಟ್ (ಮೈಲು) ಹಿಂದೆ ಬಿದ್ದವರಿಗೆ ಇನ್ನೇನು ಬೇಕು? ಕಾರ್ಡಿನಲ್ಲಿ ದುಡ್ಡು ಕೊಂಡು, ಅದೇ ದುಡ್ಡನ್ನು ಬ್ಯಾಂಕಿಗೆ ಕಟ್ಟಿ, ಕಾರ್ಡಿನ ಬಿಲ್ ತೀರಿಸಿದರೆ ಮೈಲುಗಳು ಪುಕ್ಕಟೆ. ಸಾವಿರಗಟ್ಟಲೆ, ಲಕ್ಷಗಟ್ಟಲೆ ಡಾಲರ್‌ನಷ್ಟು ತರಿಸಿದವರೂ ಇದ್ದರು. ಪೆಟ್ಟಿಗೆಯ ಸೀಲ್ ಕೂಡ ಒಡೆಯದೆ ನಾಣ್ಯಗಳು ಬ್ಯಾಂಕ್ ಸೇರುತ್ತಿದ್ದದ್ದು ಟಂಕಸಾಲೆಯವರಿಗೂ ಗೊತ್ತಾಯಿತು. ಆಮೇಲೆ ಮಿತಿ ಹಾಕಿದರು.

ನಮ್ಮದು ಅಷ್ಟು ದೊಡ್ಡ ವ್ಯವಹಾರ ಅಲ್ಲ. ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ನಮ್ಮ ಮನೆಯವರು ರೈಲಿನಲ್ಲಿ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗುತ್ತಾರೆ, ನನ್ನದು ಕೆಲಸದ ವೀಸಾದವರ ಹೆಂಡತಿಗೆ ಕೊಡುವ ಎಚ್-4 ವೀಸಾ, ಆಗ ಕೆಲಸ ಮಾಡುವಂತಿರಲಿಲ್ಲ. 2011ರಲ್ಲಿ ಒಂದು ಹೊಸ ಕಾರ್ಡ್ ತೆಗೆದುಕೊಂಡೆವು. ಮೊದಲ ಮೂರು ತಿಂಗಳಲ್ಲಿ 3,000 ಡಾಲರ್ ಖರ್ಚು ಮಾಡಿದರೆ 50,000 ಪಾಯಿಂಟ್ ಬೋನಸ್. ಅಮೆರಿಕದೊಳಗೆ ಒಬ್ಬರು ಹೋಗಿ ಬರುವ ವಿಮಾನ ಟಿಕೆಟ್‌ಗೆ ಆಗ 25,000 ಸಾಕಿತ್ತು. ಆರು ತಿಂಗಳಿಗೆ ಅಂತ ಅತ್ತೆ ಬಂದಿದ್ದರು, ಅವರಿಗೆ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆ ನೋಡುವ ಆಸೆ. ಅತ್ತೆಗೊಂದು ನನಗೊಂದು, ಎರಡು ಟಿಕೆಟ್ ಅಂತ ಲೆಕ್ಕ ಹಾಕಿದೆವು. ಆದರೆ ಮೂರು ಸಾವಿರ ಎಲ್ಲಿ ಖರ್ಚು ಮಾಡುವುದು? ಬಾಡಿಗೆಗೆ ಚೆಕ್ ಮಾತ್ರ. ದಿನಸಿ, ಪೆಟ್ರೋಲ್, ಫೋನು ಎಲ್ಲ ಸೇರಿಸಿದರೂ ಸಾವಿರ ಚಿಲ್ಲರೆ ಆಗುತ್ತಿತ್ತು. ಬೇಡದ ಸಾಮಾನು ಕೊಳ್ಳುವ ಬದಲು ಈ ನಾಣ್ಯ ತರಿಸೋಣ ಅಂದರು ಇವರು. ಖರ್ಚು ಮಾಡುವ ಕೆಲಸ ಯಾರ ತಲೆಗೆ ಬಂತು ಅಂತ ಹೇಳಬೇಕಾಗಿಲ್ಲ ಅಲ್ವಾ.

ಆರ್ಡರ್ ಮಾಡುವ ಮುಂಚೆ ಇದ್ದ ದೊಡ್ಡ ಭಯ ಒಂದೇ. ದುಡ್ಡು ಕೊಟ್ಟು ದುಡ್ಡು ಕೊಳ್ಳುತ್ತಿದ್ದೇವೆ, ಕಾರ್ಡ್‌ನವರು ಇದನ್ನು ಕ್ಯಾಶ್ ಅಡ್ವಾನ್ಸ್ (ಕಾರ್ಡಿನ ಮೇಲೆ ತೆಗೆದ ನಗದು ಸಾಲ) ಅಂತ ಬರೆದುಕೊಂಡರೆ? ಹಾಗೆ ಬರೆದರೆ ಅವತ್ತಿನಿಂದಲೇ ಬಡ್ಡಿ ಶುರು, ಮೇಲೆ ಶುಲ್ಕ ಬೇರೆ, ಪಾಯಿಂಟೂ ಇಲ್ಲ. ಬಹಳ ಜನರಿಗೆ ಮಾಮೂಲಿ ಖರೀದಿ ಅಂತಲೇ ಬಂದಿದೆ ಅಂತ ಕೇಳಿದ್ದೆವು. ಆದರೂ ನಂಬಿಕೆ ಸಾಲಲಿಲ್ಲ. ಇವರು ಕಸ್ಟಮರ್ ಕೇರಿಗೆ ಫೋನ್ ಮಾಡಿ ಕ್ಯಾಶ್ ಅಡ್ವಾನ್ಸ್ ಮಿತಿಯನ್ನು ಆದಷ್ಟು ಕೆಳಗಿಳಿಸಿ ಅಂದರು. ಆಗ ಕ್ಯಾಶ್ ಅಂತ ಲೆಕ್ಕಕ್ಕೆ ಹೋದರೂ ಕಾರ್ಡ್ ತಿರಸ್ಕಾರ ಆಗುತ್ತದೆ, ನಷ್ಟ ಇಲ್ಲ. ಯಾಕೆ ಸಾರ್ ಇಳಿಸಬೇಕು ಅಂತ ಆ ಕಡೆಯ ಹುಡುಗಿ ತುಂಬ ಹೊತ್ತು ಕೇಳಿದಳು. ಬೇಡ ಅಷ್ಟೇ ಅಂತ ಇವರೂ ಬಿಡಲಿಲ್ಲ. ನಾಣ್ಯ ಇರಲಿ, ಬೇರೇನೇ ಇರಲಿ, ಅನುಮಾನದ ಖರೀದಿಗೆ ಮುಂಚೆ ಈ ಫೋನ್ ಮಾಡಿಕೊಳ್ಳುವುದು ಒಳ್ಳೆಯದು. ನಮಗೆ ಖರೀದಿ ಅಂತಲೇ ಬಂತು.

ಆರ್ಡರ್ ಮಾಡುವುದರಲ್ಲಿ ಕಷ್ಟ ಏನೂ ಇರಲಿಲ್ಲ. ಒಂದು ಮನೆಗೆ ಹತ್ತು ದಿನಕ್ಕೆ ನಾಲ್ಕು ಪೆಟ್ಟಿಗೆ ಮಾತ್ರ. ಇವು ಚಲಾವಣೆಗೆ ಬಿಡಲು ಕೊಡುತ್ತಿರುವ ನಾಣ್ಯ, ಬಂದ ತಕ್ಷಣ ಬ್ಯಾಂಕಿಗೆ ಕಟ್ಟುವುದು ಈ ಯೋಜನೆಯ ಉದ್ದೇಶ ಅಲ್ಲ ಅಂತ ಅವರು ಸ್ಪಷ್ಟವಾಗಿ ಬರೆದಿದ್ದರು. ಒಪ್ಪಿದ್ದೇನೆ ಅಂತ ಗುರುತು ಹಾಕಿದರೇನೇ ಮುಂದೆ ಹೋಗುತ್ತಿತ್ತು. ಇದನ್ನು ಓದದೆ ಒತ್ತಿದವರೇ ಜಾಸ್ತಿ. ಇವರೂ ಒತ್ತಲು ಹೊರಟಾಗ ನಾನು ತಡೆದು, ಓದಿ, ಇದಕ್ಕೆ ಒಪ್ಪಿದರೆ ನಿಜವಾಗಿ ಖರ್ಚು ಮಾಡಬೇಕಾಗುತ್ತದೆ ಅಂದೆ. ಮಾಡೋಣ ಬಿಡು, ಡಾಲರ್ ತಾನೇ, ಯಾರು ಬೇಡ ಅಂತಾರೆ ಅಂದರು. ಮೊದಲು ನಾಲ್ಕು ಪೆಟ್ಟಿಗೆ, ಕೆಲವು ವಾರ ಬಿಟ್ಟು ಇನ್ನು ನಾಲ್ಕು.

ಕೊರಿಯರ್‌ನವನು ಮೂರನೇ ಮಹಡಿಗೆ ಹೊತ್ತು ತಂದು ಬಾಗಿಲ ಮುಂದೆ ಧಪ್ ಅಂತ ಇಟ್ಟ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇಲ್ಲ. ಒಂದು ನಾಣ್ಯ 8.1 ಗ್ರಾಂ, 250 ಅಂದರೆ ಎರಡು ಕೆ.ಜಿ. ನಾಲ್ಕು ಪೆಟ್ಟಿಗೆ ಅಂದರೆ ಎಂಟು ಕೆ.ಜಿ. ಡಬ್ಬಗಳು ನೋಡಲು ಚಿಕ್ಕವು, ಎತ್ತಲು ಹೋದರೆ ಕೈ ಕೆಳಗೆ ಜಗ್ಗುತ್ತದೆ. ಒಳಗೆ ಹತ್ತು ಕಾಗದದ ಸುರುಳಿ, ಒಂದೊಂದರಲ್ಲಿ 25. ಬಿಚ್ಚಿ ಮೇಜಿನ ಮೇಲೆ ಸುರಿದಾಗ ಮನೆಯೆಲ್ಲ ಫಳಫಳ. ಅತ್ತೆ ಒಂದನ್ನು ಕೈಗೆ ತೆಗೆದುಕೊಂಡು ಉಜ್ಜಿ ನೋಡಿ, "ಹಿತ್ತಾಳೆ ಕಣಮ್ಮ ಇದು" ಅಂದರು. ನಿಜವೇ. ಒಳಗೆ ತಾಮ್ರ, ಮೇಲೆ ಮ್ಯಾಂಗನೀಸ್ ಬೆರೆತ ಹಿತ್ತಾಳೆ. ಆಮೇಲೆ ದಿನಾ ಮಧ್ಯಾಹ್ನ ಮುಖಗಳನ್ನು ಬೇರೆ ಬೇರೆ ಗುಡ್ಡೆ ಮಾಡುವುದು ಅವರ ಕೆಲಸವಾಯಿತು. ಗಡ್ಡದ ಗ್ರಾಂಟ್ ಒಂದು ಕಡೆ, ಆಂಡ್ರೂ ಜಾನ್ಸನ್ ಒಂದು ಕಡೆ. ಎರಡು ಕೈ ಸೇರಿ ಚಿಲುಮೆ ಹಿಡಿದ ಆ ವರ್ಷದ ಆದಿವಾಸಿ ನಾಣ್ಯ ಅವರಿಗೆ ತುಂಬ ಇಷ್ಟ. 1621ರಲ್ಲಿ ಇಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನ ಯೂರೋಪಿನಿಂದ ವಲಸೆ ಬಂದವರ ಜೊತೆ ಮಾಡಿಕೊಂಡ ಒಪ್ಪಂದದ ನೆನಪಿಗೆ ಹಾಕಿದ್ದು ಅಂತ ಹೇಳಿದೆ. "ಆಮೇಲೆ ಅವರ ಜಮೀನು ಏನಾಯ್ತು?" ಅಂತ ಕೇಳಿ ಬಾಯಿ ಮುಚ್ಚಿಸಿದರು.

ಸರಿ, ಖರ್ಚು. ಮೊದಲ ಸಲ ಹೋದದ್ದು ಮನೆ ಹತ್ತಿರದ ದೊಡ್ಡ ಸೂಪರ್‌ಮಾರ್ಕೆಟ್. ಹೆಸರು ಬೇಡ. ಹಾಲು, ಮೊಸರು, ತರಕಾರಿ ಅಂತ ಇಪ್ಪತ್ತು ಚಿಲ್ಲರೆ ಡಾಲರ್ ಆಯಿತು. ನಾನು ಒಂದು ಸುರುಳಿ ಒಡೆದು ಎಣಿಸಿ ಕೊಟ್ಟೆ. ಕ್ಯಾಶಿಯರ್ ಹುಡುಗ ಒಂದನ್ನು ಎತ್ತಿ ತಿರುಗಿಸಿ ನೋಡಿದ. ಮುಂದೆ ಜಾನ್ಸನ್ ಮುಖ, ಕೆಳಗೆ 1865–1869 ಅಂತ ಇದೆ. ಅದು ಆತ ಅಧ್ಯಕ್ಷನಾಗಿದ್ದ ಅವಧಿ. ಹಿಂದೆ ಲಿಬರ್ಟಿ ಪ್ರತಿಮೆ. ಹುಡುಗ ಇದೇನು ನೂರೈವತ್ತು ವರ್ಷದ ಹಳೇ ನಾಣ್ಯವಾ ಅಂದ. ಅಲ್ಲ, ಹೊಸದು ಅಂದೆ. ಹಾಗಾದರೆ ವರ್ಷ ಎಲ್ಲಿ ಅಂತ ಹುಡುಕಿದ. ಎರಡೂ ಕಡೆ ಇಲ್ಲ. ಮ್ಯಾನೇಜರನ್ನು ಕರೆದ. ಮ್ಯಾನೇಜರ್ ಬಂದು ಬೆಳಕಿಗೆ ಹಿಡಿದ, ಕಟಕಟ ಅಂತ ಕೌಂಟರ್ ಮೇಲೆ ಬಡಿದ. ನನ್ನ ಹಿಂದೆ ನಿಂತವರು ನಿಟ್ಟುಸಿರು ಬಿಡುವುದು ಕೇಳುತ್ತಿತ್ತು. ಕಳ್ಳನೋಟು ಹಿಡಿದು ಬಂದವಳ ಹಾಗೆ ನನಗೆ ಕಿವಿಯೆಲ್ಲ ಬಿಸಿ.

ಈ ನಾಣ್ಯಗಳಲ್ಲಿ ವರ್ಷ ಇರುವುದು ಅಂಚಿನ ಮೇಲೆ. ಪಕ್ಕಕ್ಕೆ ತಿರುಗಿಸಿ ಸುತ್ತಲೂ ಓದಬೇಕು. ವರ್ಷ, ಎಲ್ಲಿ ಅಚ್ಚಾಯಿತು ಅನ್ನುವ ಅಕ್ಷರ, ಒಂದು ಲ್ಯಾಟಿನ್ ವಾಕ್ಯ, ಎಲ್ಲ ಅಲ್ಲೇ. ಅದನ್ನು ತೋರಿಸಿದ ಮೇಲೆ ಮ್ಯಾನೇಜರ್ ನಕ್ಕು ತಗೋ ಅಂದ. ಆದರೂ ಹುಡುಗನಿಗೆ ಇನ್ನೊಂದು ತೊಂದರೆ. ಕ್ಯಾಶ್ ಡ್ರಾದಲ್ಲಿ ಪೆನ್ನಿ, ನಿಕಲ್, ಡೈಮ್, ಕ್ವಾರ್ಟರ್ (1, 5, 10, 25 ಸೆಂಟಿನ ನಾಣ್ಯ) ಇವಕ್ಕೆ ಗೂಡು ಇದೆ, ಡಾಲರ್‌ಗೆ ಇಲ್ಲ. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಸುರಿದು ಡ್ರಾ ಕೆಳಗೆ ತಳ್ಳಿದ. ಆಮೇಲೆ ನಾನು ಗಮನಿಸಿದೆ, ಹೋದಲ್ಲೆಲ್ಲ ಇದೇ ಕಥೆ. ಅವರಿಗೆ ನಾಣ್ಯದ ಮೇಲೆ ದ್ವೇಷ ಇಲ್ಲ, ಇಡಲು ಜಾಗ ಇಲ್ಲ. ಗೂಡಿಲ್ಲದ ನಾಣ್ಯವನ್ನು ಚಿಲ್ಲರೆಯಾಗಿ ಮುಂದಿನ ಗಿರಾಕಿಗೆ ಕೊಡುವುದೂ ಇಲ್ಲ, ಸಂಜೆ ಅದು ನೇರ ಬ್ಯಾಂಕಿಗೆ ಹೋಗುತ್ತದೆ. ಹಾಗಾಗಿ ನಾವು ಖರ್ಚು ಮಾಡಿದರೂ ಒಂದೆರಡು ಕೈ ದಾಟಿ ವಾಪಸ್ಸೇ. ಟಂಕಸಾಲೆಯವರು ಏನೇ ಯೋಜನೆ ಮಾಡಲಿ, ಈ ಡ್ರಾ ಬದಲಾಗುವವರೆಗೆ ಈ ನಾಣ್ಯ ಓಡುವುದಿಲ್ಲ ಅಂತ ನನಗೆ ಅವತ್ತೇ ಅನ್ನಿಸಿತು.

ಇನ್ನೊಂದು ಕಡೆ, ಒಂದು ಕಾಫಿ ಅಂಗಡಿಯಲ್ಲಿ, ನಾಲ್ಕು ನಾಣ್ಯ ಕೊಟ್ಟರೆ ಅವನು ನೋಡದೆಯೇ ಒಂದು ಡಾಲರ್ ಅಂತ ಒತ್ತಿ, ಉಳಿದದ್ದು ಕೊಡಿ ಅಂದ. ಕ್ವಾರ್ಟರ್ ಅಂದುಕೊಂಡಿದ್ದಾನೆ. ಕ್ವಾರ್ಟರ್ 24 ಮಿಲಿಮೀಟರ್ ಚಿಲ್ಲರೆ ಅಗಲ, ಇದು 26.5. ಬೆರಳಿಗೆ ಅಷ್ಟೇನೂ ಗೊತ್ತಾಗುವುದಿಲ್ಲ. ಹೇಳಿದ ಮೇಲೂ ಅವನು ಒಪ್ಪಲಿಲ್ಲ, ನಾಣ್ಯ ನಾವು ತಗೊಳಲ್ಲ ಅಂದ. ಸರ್ಕಾರ ಅಚ್ಚು ಹಾಕಿದ ಹಣ ಹೇಗೆ ಬೇಡ ಅಂತೀರಿ ಅಂತ ನಾನು ವಾದಕ್ಕೆ ಹೋಗಲಿಲ್ಲ. ಇದು ಕಾನೂನುಬದ್ಧ ಹಣವೇ, ಆದರೆ ಖಾಸಗಿ ಅಂಗಡಿಯವರು ಯಾವ ರೂಪದ ದುಡ್ಡು ತೆಗೆದುಕೊಳ್ಳಬೇಕು ಅನ್ನುವುದನ್ನು ಇಲ್ಲಿನ ಕೇಂದ್ರ ಕಾನೂನು ಅವರಿಗೇ ಬಿಟ್ಟಿದೆ. ವಾದ ಮಾಡಿ ಪ್ರಯೋಜನ ಇಲ್ಲ. ನೋಟು ಕೊಟ್ಟು ಬಂದೆ. ಅಲ್ಲಿಂದ ಮುಂದೆ ಕೈಗೆ ಕೊಡುವಾಗಲೇ "ಇವು ಡಾಲರ್ ನಾಣ್ಯ" ಅಂತ ಬಾಯಿ ಬಿಟ್ಟು ಹೇಳುತ್ತಿದ್ದೆ. ನೀವೂ ಹೇಳಿ. ಹೋಟೆಲಿನಲ್ಲಿ ಟಿಪ್ಸ್ ಇಡುವಾಗ ಅಂತೂ ಖಂಡಿತ ಹೇಳಿ, ಇಲ್ಲದಿದ್ದರೆ ಚಿಲ್ಲರೆ ಎಸೆದು ಹೋದರು ಅಂತ ಬೈದುಕೊಳ್ಳುತ್ತಾರೆ.

ನಿಧಾನಕ್ಕೆ ಜಾಗಗಳು ಗೊತ್ತಾಗುತ್ತಾ ಹೋದವು. ಎಲ್ಲಕ್ಕಿಂತ ಸಲೀಸು ಯಂತ್ರಗಳು. ನ್ಯೂಜೆರ್ಸಿ ಟ್ರಾನ್ಸಿಟ್‌ನ ಟಿಕೆಟ್ ಯಂತ್ರ, ನ್ಯೂಯಾರ್ಕ್ ಸಬ್‌ವೇಯ ಮೆಟ್ರೋಕಾರ್ಡ್ ಯಂತ್ರ, ಎರಡೂ ಆಗ ಕಣ್ಣು ಮುಚ್ಚಿ ನುಂಗುತ್ತಿದ್ದವು. ದೊಡ್ಡ ನೋಟು ಹಾಕಿದರೆ ಅವೇ ಚಿಲ್ಲರೆಯಾಗಿ ಡಾಲರ್ ನಾಣ್ಯ ಉದುರಿಸುತ್ತಿದ್ದವು. ನಮ್ಮ ಊರಿನ ರೈಲು ಪ್ರಯಾಣಿಕರಿಗೆ ಇದರ ಪರಿಚಯ ಇದ್ದದ್ದೇ ಹಾಗೆ. 2000ದಲ್ಲಿ ಚಿನ್ನದ ಬಣ್ಣದ್ದು ತರುವಾಗ, ಹಳೆಯ ಆಂಟನಿ ನಾಣ್ಯದ ಅಳತೆ, ತೂಕ, ವಿದ್ಯುತ್ ಗುಣ ಎಲ್ಲ ಹೊಂದುವಂತೆ ಲೋಹ ಬೆರೆಸಿದ್ದಾರೆ. ಅದಕ್ಕೇ ಯಂತ್ರಗಳನ್ನು ಬದಲಾಯಿಸಬೇಕಾಗಲಿಲ್ಲ. ಮನುಷ್ಯರಿಗೆ ಗೊತ್ತಾಗದ್ದು ಯಂತ್ರಕ್ಕೆ ಗೊತ್ತು! ಸೂಪರ್‌ಮಾರ್ಕೆಟ್‌ನಲ್ಲೂ ನಾವೇ ಬಿಲ್ ಮಾಡಿಕೊಳ್ಳುವ ಯಂತ್ರಕ್ಕೆ ಹೋಗಿ ಒಂದೊಂದೇ ಹಾಕುತ್ತಿದ್ದೆ. ಯಾರೂ ಕೇಳುವವರಿಲ್ಲ. ಆದರೆ ಸಂಜೆ ಹೊತ್ತು ಬೇಡ, ಹಿಂದೆ ಜನ ನಿಂತಿರುತ್ತಾರೆ. ಬೆಳಗ್ಗೆ ಹತ್ತರ ಮೇಲೆ, ವಾರದ ಮಧ್ಯೆ ಹೋಗಿ. ನಮ್ಮ ಕಟ್ಟಡದ ಬಟ್ಟೆ ಒಗೆಯುವ ಯಂತ್ರಕ್ಕೆ ಮಾತ್ರ ಕ್ವಾರ್ಟರೇ ಬೇಕು, ಇದು ತೂರುವುದೇ ಇಲ್ಲ.

ಮನುಷ್ಯರಲ್ಲಿ ಒಳ್ಳೆಯವರು ಪೆಟ್ರೋಲ್ ಬಂಕಿನವರು. ನ್ಯೂಜೆರ್ಸಿಯಲ್ಲಿ ನಮ್ಮ ಗಾಡಿಗೆ ನಾವೇ ಪೆಟ್ರೋಲ್ ಹಾಕಿಕೊಳ್ಳುವಂತಿಲ್ಲ, ಕಾನೂನೇ ಇದೆ. ಕಾರಿನಲ್ಲೇ ಕೂತು ಕಿಟಕಿ ಇಳಿಸಿದರೆ ಅವರೇ ಬಂದು ಹಾಕುತ್ತಾರೆ. ಬಹಳ ಬಂಕುಗಳಲ್ಲಿ ನಗದಿಗೆ ಒಂದು ರೇಟು, ಕಾರ್ಡಿಗೆ ಗ್ಯಾಲನ್ನಿಗೆ ಕೆಲವು ಸೆಂಟ್ ಜಾಸ್ತಿ. ಕಾರ್ಡಿನಲ್ಲಿ ಕೊಂಡ ನಾಣ್ಯವನ್ನು ನಗದಿನ ರೇಟಿಗೆ ಕೊಟ್ಟರೆ ಪಾಯಿಂಟೂ ಬಂತು, ಸೆಂಟೂ ಉಳಿಯಿತು. ಇದು ನಾವು ಮೊದಲು ಯೋಚಿಸಿರದ ಲಾಭ. ಒಂದು ಸುರುಳಿ, ಜೊತೆಗೆ ಒಂದು ಇಪ್ಪತ್ತರ ನೋಟು, ಟ್ಯಾಂಕ್ ತುಂಬುತ್ತಿತ್ತು. ನಾವು ಹೋಗುವ ಬಂಕಿನಲ್ಲಿ ಒಬ್ಬರು ಸರ್ದಾರ್ಜಿ ಇದ್ದರು. ಮೊದಲ ಸಲ ಕೈಯಲ್ಲಿ ತೂಗಿ ನೋಡಿ, "ಸೋನಾ ಹೈ ಕ್ಯಾ ಬೇಟಿ?" ಅಂತ ನಕ್ಕು ಜೇಬಿಗೆ ಹಾಕಿಕೊಂಡರು. ಆಮೇಲೆ ಅವರೇ ತಮ್ಮ ಜೇಬಿನ ನೋಟು ಕೊಟ್ಟು, ಮೊಮ್ಮಕ್ಕಳಿಗೆ ಅಂತ ಒಂದು ಸುರುಳಿ ಬದಲಾಯಿಸಿಕೊಂಡರು.

ಓಕ್ ಟ್ರೀ ರಸ್ತೆಯ ನಮ್ಮ ದಿನಸಿ ಅಂಗಡಿಗಳಲ್ಲೂ ಪರವಾಗಿಲ್ಲ. ಸಣ್ಣ ಮೊತ್ತಕ್ಕೆ ಕಾರ್ಡ್ ಬೇಡ ಅನ್ನುವವರೇ ಅಲ್ಲಿ ಜಾಸ್ತಿ, ನಗದು ಅಂದರೆ ಖುಷಿ. ನಾಣ್ಯ ನೋಡಿ ಹುಬ್ಬು ಏರಿಸುತ್ತಾರೆ, ಎಣಿಸುತ್ತಾರೆ, ತೆಗೆದುಕೊಳ್ಳುತ್ತಾರೆ. ಶನಿವಾರದ ರೈತರ ಸಂತೆ, ಕ್ಷೌರದಂಗಡಿ, ಗ್ರಂಥಾಲಯದ ದಂಡ, ಅಂಚೆ ಕಚೇರಿ, ಎಲ್ಲ ಕಡೆ ನಡೆಯಿತು. ಮುಖ್ಯವಾಗಿ ನೋಡಬೇಕಾದದ್ದು ಎರಡೇ, ಎಣಿಸಲು ಅವರಿಗೆ ಪುರುಸೊತ್ತು ಇರಬೇಕು, ನಿಮ್ಮ ಹಿಂದೆ ಸಾಲು ಇರಬಾರದು. ಹತ್ತರ ಒಳಗೆ ಕೊಟ್ಟರೆ ಯಾರೂ ತಕರಾರು ಮಾಡುವುದಿಲ್ಲ. ಅದಕ್ಕಿಂತ ಜಾಸ್ತಿ ಆದರೆ ಒಡೆಯದ ಸುರುಳಿಯನ್ನು ಕೊಡುವುದಕ್ಕೆ ಹೋಗಬೇಡಿ, ಒಳಗೆ ಏನಿದೆಯೋ ಅಂತ ಅನುಮಾನ ಪಡುತ್ತಾರೆ. ಎದುರಿಗೇ ಒಡೆದು ಐದೈದರ ಸಾಲು ಮಾಡಿ ಇಟ್ಟರೆ ಅವರಿಗೂ ಸುಲಭ. ಚೀಲದ ವಿಷಯಕ್ಕೂ ಹೇಳಬೇಕು. ಮೂರು ಸುರುಳಿಗೇ ಅರ್ಧ ಕೆ.ಜಿ. ದಾಟುತ್ತದೆ, ನನ್ನ ಕೈಚೀಲದ ಪಟ್ಟಿ ಕಿತ್ತು ಹೋಯಿತು. ಆ ಚೀಲದ ಬೆಲೆಯನ್ನು ಇವರು ಖರ್ಚಿನ ಲೆಕ್ಕಕ್ಕೆ ಸೇರಿಸಲು ಒಪ್ಪಲಿಲ್ಲ.

ನಾಣ್ಯಗಳನ್ನು ಜನ ಕೇಳಿ ಕೇಳಿ ತೆಗೆದುಕೊಂಡದ್ದು ನಮ್ಮವರಲ್ಲೇ. ಅದು ಮುಯ್ಯಿಯಿಂದ. ನಮ್ಮಲ್ಲಿ ಮದುವೆ, ನಾಮಕರಣಕ್ಕೆ ನೂರೊಂದು, ಐವತ್ತೊಂದು ಕೊಡುತ್ತೇವಲ್ಲ, ಇಲ್ಲಿ ಆ ಮೇಲಿನ ಒಂದಕ್ಕೆ ಮಾಸಲು ನೋಟು ಮಡಚಿ ಇಡಬೇಕು. ಒಂದು ನಾಮಕರಣಕ್ಕೆ ಐವತ್ತರ ನೋಟಿನ ಮೇಲೆ ಹೊಳೆಯುವ ಡಾಲರ್ ಒಂದನ್ನು ಲಕೋಟೆಗೆ ಅಂಟಿಸಿ ಕೊಟ್ಟೆ. ಸಂಜೆಯೊಳಗೆ ನಾಲ್ಕಾರು ಹೆಂಗಸರು ನಮಗೂ ಕೊಡ್ರೀ ಅಂತ ಕೇಳಿದರು. ಸುರುಳಿಗೆ 25 ಡಾಲರ್ ನೋಟು ಕೊಟ್ಟು ತೆಗೆದುಕೊಂಡು ಹೋದರು. ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಕಲಶದ ಮುಂದೆ ಇಡಲು, ತಾಂಬೂಲದ ಜೊತೆ ಕೊಡಲು ಮತ್ತೆ ಬೇಡಿಕೆ. ಅತ್ತೆ ಮಾತ್ರ ಗಂಡಸರ ಮುಖ ಇರುವುದು ಲಕ್ಷ್ಮಿಗೆ ಬೇಡ ಅಂತ, ಸಕಾಗವಿಯಾ ಇರುವ ಆದಿವಾಸಿ ನಾಣ್ಯಗಳನ್ನೇ ಆರಿಸಿ ಇಟ್ಟರು. ಪಕ್ಕದ ಮನೆಯ ಅಮೆರಿಕನ್ ಅಮ್ಮನಿಗೂ ಬೇಕಿತ್ತು. ಅವರಲ್ಲಿ ಮಗುವಿನ ಹಲ್ಲು ಬಿದ್ದರೆ ದಿಂಬಿನ ಕೆಳಗೆ ದುಡ್ಡು ಇಡುತ್ತಾರೆ, ಹಲ್ಲಿನ ಯಕ್ಷಿಣಿ ತಂದಿಟ್ಟಳು ಅಂತ. ಅದಕ್ಕೆ ಈ ನಾಣ್ಯ ಹೇಳಿಮಾಡಿಸಿದ್ದು. ದೇವಸ್ಥಾನದ ಹುಂಡಿಗೆ ಹಾಕಬಹುದಿತ್ತಲ್ಲ ಅಂತ ಯಾರೋ ಕೇಳಿದರು. ಆರತಿ ತಟ್ಟೆಗೆ ಹಾಕಿದ್ದೇವೆ. ಸುರುಳಿಗಟ್ಟಲೆ ಹುಂಡಿಗೆ ಸುರಿದರೆ ಎಣಿಸಿ ಬ್ಯಾಂಕಿಗೆ ಹೊರುವ ಕೆಲಸ ಅವರ ತಲೆಗೆ, ಅದು ಸರಿ ಅಲ್ಲ.

ಈ ಮಧ್ಯೆ ನಿಜವಾಗಿ ಬಿಸಿ ಮುಟ್ಟಿಸಿದ್ದು ಕಾರ್ಡಿನ ಬಿಲ್. ಇದನ್ನು ಯಾರೂ ಹೇಳುವುದಿಲ್ಲ. ನಾಣ್ಯ ಬರುವುದು ಒಂದೇ ದಿನ, ಖರ್ಚಾಗುವುದು ತಿಂಗಳುಗಟ್ಟಲೆ. ಬಿಲ್ ಅದಕ್ಕೆ ಕಾಯುವುದಿಲ್ಲ. ಮೊದಲ ಸಾವಿರದ ಬಿಲ್ ಕಟ್ಟುವ ದಿನ ಬಂದಾಗ ಮುಕ್ಕಾಲು ಪಾಲು ನಾಣ್ಯ ಬೀರುವಿನಲ್ಲೇ ಇತ್ತು, ಖಾತೆಯಿಂದ ಪೂರ್ತಿ ಕಟ್ಟಬೇಕಾಯಿತು. ಅದೇ ತಿಂಗಳು ಊರಿಗೆ ದುಡ್ಡು ಕಳಿಸುವುದಿತ್ತು, ಬಾಡಿಗೆ ಬೇರೆ. ಕೈ ಬಿಗಿಯಾಯಿತು, ಮನೆಯಲ್ಲಿ ಎರಡು ಮಾತೂ ಬಂದವು. ಆ ಸಾವಿರವನ್ನು ಮುಂದಿನ ತಿಂಗಳಿಗೆ ಬಿಡೋಣ ಅಂದರೆ ಲೆಕ್ಕ ನೋಡಿ. ಸಾವಿರ ಡಾಲರ್‌ಗೆ ಬರುವುದು ಸಾವಿರ ಪಾಯಿಂಟ್, ಹತ್ತು ಡಾಲರ್ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ನೂರಕ್ಕೆ ಹದಿನೈದು ಬಡ್ಡಿ ಅಂದರೆ ಸಾವಿರಕ್ಕೆ ತಿಂಗಳಿಗೆ ಹನ್ನೆರಡೂವರೆ. ಒಂದೇ ತಿಂಗಳು ಬಿಟ್ಟರೂ ಲಾಭ ಹೋಗಿ ಕೈಯಿಂದ ಕೊಟ್ಟಂತಾಯಿತು. ಹಾಗಾಗಿ ಯಾವ ಕಾರ್ಡಿನ ಬೋನಸ್ಸಿಗೇ ಆಗಲಿ, ಪೂರ್ತಿ ಬಿಲ್ ಕಟ್ಟುವ ದುಡ್ಡು ಖಾತೆಯಲ್ಲಿ ಇಲ್ಲದಿದ್ದರೆ ಈ ಆಟಕ್ಕೆ ಇಳಿಯಬೇಡಿ.

ಆಗಲೇ ಬ್ಯಾಂಕಿಗೆ ಕಟ್ಟಿಬಿಡೋಣ ಅನ್ನುವ ಆಸೆ ಬಂದದ್ದು. ಇವರ ಸಹೋದ್ಯೋಗಿಗಳು ಮಾಡುತ್ತಿದ್ದದ್ದೂ ಅದೇ. ಕೆಲವು ಶಾಖೆಗಳಲ್ಲಿ ಟೆಲ್ಲರ್‌ಗಳು ಮತ್ತೆ ನಾಣ್ಯವಾ ಅಂತ ಮುಖ ಗಂಟು ಹಾಕುತ್ತಿದ್ದರಂತೆ, ಆದರೂ ತೆಗೆದುಕೊಳ್ಳುತ್ತಿದ್ದರು. ಕಟ್ಟಿದರೆ ಅಪರಾಧ ಏನಲ್ಲ. ಆದರೆ ಚಲಾವಣೆಗೆ ಅಂತ ಒಪ್ಪಿ ಗುರುತು ಹಾಕಿ, ಅವರ ಖರ್ಚಿನಲ್ಲಿ ಎಂಟು ಕೆ.ಜಿ. ಮನೆಗೆ ತರಿಸಿಕೊಂಡು, ಮರುದಿನ ಹಾಗೇ ವಾಪಸ್ ಕೊಡುವುದು ನನಗೆ ಸರಿ ಅನ್ನಿಸಲಿಲ್ಲ. ಕಾರ್ಡ್ ನಿಂತದ್ದೂ ಆ ಕಾರಣಕ್ಕೇ. ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ಇರುವ ನಾಣ್ಯ ಎಣಿಸುವ ಯಂತ್ರಕ್ಕೆ ಅಂತೂ ಸುರಿಯಬೇಡಿ, ನೋಟು ಬೇಕು ಅಂದರೆ ಆಗಲೇ ನೂರಕ್ಕೆ ಒಂಬತ್ತು ಹತ್ತು ಡಾಲರ್ ಹಿಡಿದುಕೊಳ್ಳುತ್ತಿತ್ತು. ಒಂದು ಪರ್ಸೆಂಟ್ ಪಾಯಿಂಟಿಗೆ ಹತ್ತು ಪರ್ಸೆಂಟ್ ಕಮಿಷನ್!

ಜುಲೈ ಕೊನೆಗೆ ಕಾರ್ಡ್ ನಿಂತ ಸುದ್ದಿ ಬಂದಾಗ ನಮ್ಮ ಎರಡನೇ ಕಂತಿನ ಪೆಟ್ಟಿಗೆಗಳು ಆಗಲೇ ಮನೆಯಲ್ಲಿದ್ದವು. ಕಾರ್ಡಿನ ಮೂರು ಸಾವಿರವೂ ಮುಟ್ಟಿತ್ತು. ಉಳಿದದ್ದು ಖರ್ಚು ಮಾತ್ರ. ವಾರಕ್ಕೆ ಇಷ್ಟು ಅಂತ ಸುರುಳಿಗಳನ್ನು ಲೆಕ್ಕ ಹಾಕಿ ತೆಗೆದಿಡುತ್ತಿದ್ದೆ. ಇವರ ರೈಲು ಟಿಕೆಟ್ಟು, ಪೆಟ್ರೋಲು, ದಿನಸಿ. ಬೇಸರ ಬಂದು ಕೆಲವು ದಿನ ಮುಟ್ಟಲೇ ಇಲ್ಲ. ನವರಾತ್ರಿವರೆಗೂ ಎಳೆಯುತ್ತದೆ ಅಂದುಕೊಂಡಿದ್ದೆ.

ಅಷ್ಟರಲ್ಲಿ ಆಗಸ್ಟ್ 28ಕ್ಕೆ ಐರೀನ್ ಚಂಡಮಾರುತ ನ್ಯೂಜೆರ್ಸಿಗೆ ಬಡಿಯಿತು. ಮಳೆ, ಪ್ರವಾಹ, ಎಷ್ಟೋ ಕಡೆ ಮರ ಬಿದ್ದು ಕರೆಂಟ್ ಇಲ್ಲ. ನಮ್ಮ ಬೀದಿಯಲ್ಲೂ ಹೋಯಿತು. ಕರೆಂಟ್ ಇಲ್ಲ ಅಂದರೆ ಕಾರ್ಡ್ ಯಂತ್ರ ಇಲ್ಲ, ಎಟಿಎಂ ಇಲ್ಲ. ನಮ್ಮ ದಿನಸಿ ಅಂಗಡಿಯವರು ಟಾರ್ಚ್ ಹಿಡಿದು, ಕಾಗದದ ಮೇಲೆ ಲೆಕ್ಕ ಬರೆದು ವ್ಯಾಪಾರ ಮಾಡುತ್ತಿದ್ದರು, ನಗದು ಮಾತ್ರ. ಚಿಲ್ಲರೆಗೆ ಪರದಾಟ ಬೇರೆ. ಎಲ್ಲರೂ ಇಪ್ಪತ್ತರ ನೋಟು ಹಿಡಿದು ನಿಂತಿದ್ದಾರೆ, ಅವರ ಹತ್ತಿರ ಕೊಡಲು ಒಂದರ ನೋಟು ಇಲ್ಲ. ನಾನು ಚೀಲ ಬಿಚ್ಚಿದೆ. ಹಾಲು, ಬ್ರೆಡ್, ಮೇಣದಬತ್ತಿಗೆ ಕೊಟ್ಟು, ಮೇಲೆ ನಾಲ್ಕು ಸುರುಳಿಯನ್ನು ಅವರೇ ನೂರು ಡಾಲರ್ ನೋಟಿಗೆ ಬದಲಾಯಿಸಿಕೊಂಡು ಸಂಜೆಯೆಲ್ಲ ಗಿರಾಕಿಗಳಿಗೆ ಚಿಲ್ಲರೆಯಾಗಿ ಕೊಟ್ಟರು. ಮರುದಿನ ಇನ್ನೂ ಬೇಕು ಅಂತ ಕೇಳಿದರು. ಅವತ್ತು ಯಾರೂ ಅಂಚು ತಿರುಗಿಸಿ ವರ್ಷ ನೋಡಲಿಲ್ಲ. ಅಲ್ಲಿಗೆ ಉಳಿದದ್ದು ಕೆಲವೇ ಸುರುಳಿ, ಅವು ಸೆಪ್ಟೆಂಬರಿನಲ್ಲಿ ಟಿಕೆಟ್ ಯಂತ್ರಕ್ಕೆ ಹೋದವು.

ಬೋನಸ್ ಪಾಯಿಂಟ್ ಖರ್ಚು ಮುಟ್ಟಿದ ದಿನವೇ ಬರಲಿಲ್ಲ, ಆ ತಿಂಗಳ ಬಿಲ್ ಮುಗಿದ ಮೇಲೆ ಖಾತೆಯಲ್ಲಿ ಕಂಡಿತು. ಕಾಣದಿದ್ದರೆ ಗಾಬರಿ ಬೇಡ, ಬಿಲ್ ಬರುವವರೆಗೆ ಕಾಯಿರಿ. ಅತ್ತೆಗೂ ನನಗೂ ಟಿಕೆಟ್ ಆಯಿತು, ತೆರಿಗೆ ಅಂತ ಕೆಲವು ಡಾಲರ್ ಕಟ್ಟಿದೆವು. ಲಾಭ ಅಂದರೆ ಆ 50,000 ಬೋನಸ್ಸೇ. ನಾಣ್ಯದಿಂದ ನೇರವಾಗಿ ಬಂದದ್ದು ಎರಡು ಸಾವಿರ ಪಾಯಿಂಟ್, ಅಂದರೆ ಇಪ್ಪತ್ತು ಡಾಲರ್. ಬೋನಸ್ ಇಲ್ಲದೆ ಬರೀ ಅದಕ್ಕಾಗಿ ಹದಿನಾರು ಕೆ.ಜಿ. ಹೊತ್ತು ಊರೆಲ್ಲ ಸುತ್ತು ಅಂದರೆ ನಾನು ಸುತ್ತುವುದಿಲ್ಲ.

ಕಾರ್ಡ್ ನಿಂತ ಮೇಲೂ ನಾಣ್ಯ ಬೇಕು ಅನ್ನುವವರು ಆಗ ಟಂಕಸಾಲೆಯಿಂದ ಚೆಕ್, ಮನಿ ಆರ್ಡರ್ ಅಥವಾ ವೈರ್ (ಬ್ಯಾಂಕಿನಿಂದ ನೇರ ಹಣ ವರ್ಗಾವಣೆ) ಮೂಲಕ ತರಿಸಬಹುದಿತ್ತು, ಪಾಯಿಂಟ್ ಸಿಗುತ್ತಿರಲಿಲ್ಲ ಅಷ್ಟೇ. ನಮ್ಮ ಕನ್ನಡ ಸಂಘದ ಇಬ್ಬರು ದೀಪಾವಳಿ ಮುಯ್ಯಿಗೆ ಅಂತ ಒಂದು ಪೆಟ್ಟಿಗೆ ಸೇರಿ ತರಿಸುವ ಯೋಚನೆಯಲ್ಲಿದ್ದರು. ಅತ್ತೆ ಊರಿಗೆ ಒಯ್ಯಲು ಹತ್ತು ಆದಿವಾಸಿ ನಾಣ್ಯ ಮೊದಲೇ ಎತ್ತಿಟ್ಟುಕೊಂಡಿದ್ದರು, ಅದಕ್ಕೆ ಹತ್ತು ಡಾಲರ್ ನೋಟು ಕೊಟ್ಟು ಲೆಕ್ಕ ಚುಕ್ತಾ ಮಾಡಿದರು.